ಅಕ್ಕನ ರಕ್ತಕ್ಕೆ ಸುಣ್ಣ

ನಮ್ಮ ಅಕ್ಕನಿಗೆ ಹುಳಿ ಎಂದರೆ ಪ್ರಾಣ ಎಂದು ಜನ ಹೇಳುತ್ತಿದ್ದರು. ಸುಳ್ಳು! ಅವಳನ್ನು ಕಂಡರೆ ಹುಳಿಗೇ ಪ್ರಾಣಭಯವಿತ್ತು. ನಾವೆಲ್ಲ ನಾಲಿಗೆಗೆ ಮುಟ್ಟಿಸಿ ಒಂದು ಕಣ್ಣು ಮುಚ್ಚುವ ಒಣ ವಾಟೆಹುಳಿಯ ಹೋಳನ್ನು ಅವಳು ಪೆಪ್ಪರಮಿಂಟಿನ ಹಾಗೆ ಚೀಪುತ್ತಿದ್ದಳು. ಅವಳ ಸಾರು ಉಂಡ ನಮ್ಮ ತೋಟದ ಮೇಸ್ತ್ರಿ ಒಮ್ಮೆ, "ಅಮ್ಮಾ, ಇದ್ರಲ್ಲಿ ಹಿತ್ತಾಳೆ ಚೆಂಬು ತೊಳೀಬಹುದಲ್ವಾ?" ಎಂದ.

"ತೊಳಿ ಮಾರಾಯ. ಮೊದ್ಲು ನಿನ್ನ ಬಾಯಿ ತೊಳಿ," ಎಂದು ಅಕ್ಕ ಇನ್ನೊಂದು ಸೌಟು ಸುರಿದಳು.

ನಾನು ಕಳಸದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಮದುವೆ ಎಂಬುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ತೊಂಬತ್ತರ ದಶಕದಲ್ಲಿ ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕು, ಒಂದಷ್ಟು ಮಿಡಿ ಉಪ್ಪಿನಕಾಯಿ ಭರಣಿಗಳ ಜೊತೆ ನನ್ನ ಕ್ವಾರ್ಟರ್ಸಿಗೆ ಬಂದಳು. ಟ್ರಂಕಿಗಿಂತ ಭರಣಿಗಳೇ ಭಾರವಾಗಿದ್ದವು.

ನನಗೂ ಒಂದು ಚಟವಿತ್ತು. ಬೆಳಿಗ್ಗೆ ಕೋಳಿಯ ಪುಕ್ಕ ಕೀಳುವಷ್ಟು ಬಿಸಿಯಾದ ನೀರಿನಲ್ಲಿ ಸ್ನಾನ! ಅಡುಗೆಗೆ ಗ್ಯಾಸ್ ಇದ್ದರೂ ಹಂಡೆಗೆ ತೋಟದ ನೆರಳಿನ ಮರ ಸವರಿದ ಹಸಿ ಸೌದೆಯೇ ನಮಗೆ ಸಿಗುತ್ತಿದ್ದುದು. ಅಕ್ಕ ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಊದುಗೊಳವೆ ಹಿಡಿದು ಊದುತ್ತಿದ್ದಳು. ಹೊಗೆಯೊಳಗೆ ಅಕ್ಕ ಎಲ್ಲಿ, ಒಲೆ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ನಾನು ಬಚ್ಚಲಿನಿಂದ ರಾಗ ಎಳೆಯುತ್ತಿದ್ದೆ: "ಅಕ್ಕಾ... ಬಿಸಿ ಸಾಲ್ದು!"

ಹೀಗೇ ವರ್ಷಗಳು ಉರುಳಿದವು. ಆಮೇಲಾಮೇಲೆ ಅಕ್ಕನಿಗೆ ಮನೆಯ ಮೆಟ್ಟಿಲು ಹತ್ತಿದರೂ ಏದುಸಿರು. ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಮಣಿಕಟ್ಟಿನಿಂದ ರಕ್ತ ತೆಗೆಸಿ ನೋಡಿ, "ರಕ್ತ ಸ್ವಲ್ಪ ಹುಳಿ ಕಡೆ ವಾಲಿದೆ. ಹೊಗೆ ಕುಡಿದು ಶ್ವಾಸಕೋಶ ಹಾಳಾಗಿದೆ. ಒಲೆ ಹತ್ರ ಸೇರಿಸ್ಬೇಡಿ," ಎಂದರು.

ಅವರು ಹೇಳಿದ್ದು ಎರಡು ಮಾತು, ಹುಳಿ ಮತ್ತು ಹೊಗೆ. ನನ್ನ ಕಿವಿ ಎಂಥ ಕಿವಿ ನೋಡಿ, ಹುಳಿಯನ್ನು ಮಾತ್ರ ಒಳಗೆ ಬಿಟ್ಟುಕೊಂಡಿತು. ಹೊಗೆ ನಿಂತರೆ ನನ್ನ ಬಿಸಿನೀರಿನ ಗತಿ?

ಮನೆಗೆ ಬಂದವನೇ ಭರಣಿಗಳನ್ನೆಲ್ಲ ಗೊಬ್ಬರದ ಗೋಡೌನಿಗೆ ಸಾಗಿಸಿ ಬೀಗ ಹಾಕಿದೆ. ಅಷ್ಟಕ್ಕೇ ಬಿಟ್ಟೆನೇ? ಕಾಫಿ ತೋಟದ ಮಣ್ಣು ಹುಳಿಯಾದರೆ ಸುಣ್ಣ ಹಾಕುತ್ತೇವೆ. ಅಕ್ಕನ ರಕ್ತಕ್ಕೇಕೆ ಹಾಕಬಾರದು? ಎಲೆಗೆ ದಪ್ಪಗೆ ಸುಣ್ಣ ಬಳಿದು ಅಡಿಕೆ ಮಡಚಿ ಕೊಟ್ಟೆ. ಅಕ್ಕನ ಬಾಯಿ ಬೆಂದು ಹೋಯಿತು.

"ನನ್ನನ್ನ ಎಂತ ನಿಮ್ಮ ಅರೇಬಿಕಾ ಬ್ಲಾಕು ಅಂದ್ಕೊಂಡ್ಯಾ? ನಾಳೆ ಬುಡಕ್ಕೆ ಸಗಣಿ ಹಾಕ್ತೀಯಾ?"

ಮರುದಿನ ಗೋಡೌನಿನ ಬೀಗ ತೆರೆದಿತ್ತು. ಯೂರಿಯಾ ಮೂಟೆಯ ಮೇಲೆ ಮಹಾರಾಣಿಯ ಹಾಗೆ ಕೂತು, ಕೆನ್ನೆಯಲ್ಲೊಂದು ಮಿಡಿ ಇಟ್ಟುಕೊಂಡು, ಅಕ್ಕ ಏದುಸಿರಿನ ನಡುವೆಯೇ ನಗುತ್ತಿದ್ದಳು. "ರಕ್ತ ನಂದು, ಹುಳಿ ನಂದು. ನಿಂಗೆಂತ?"

ಮುಂದಿನ ಸಲ ಡಾಕ್ಟರ ಮುಂದೆ ನಾನೇ ಚಾಡಿ ಹೇಳಿದೆ. "ಇವ್ಳು ಹುಳಿ ಬಿಡ್ತಾ ಇಲ್ಲ ಡಾಕ್ಟ್ರೆ! ಎಲೆಗೆ ಸುಣ್ಣ ಬಳಿದು ಕೊಟ್ಟೂ ನೋಡ್ದೆ!"

ಅವರಿಗೆ ನಗು ತಡೆಯಲಾಗಲಿಲ್ಲ. "ಅದು ಸಾರಿನ ಹುಳಿ ಅಲ್ಲ ರೀ. ಉಸಿರಲ್ಲಿ ಹೊರಗೆ ಹೋಗ್ಬೇಕಾದ ಕೆಟ್ಟ ಗಾಳಿ ಒಳಗೇ ಉಳಿದು ರಕ್ತ ಹುಳಿಯಾಗತ್ತೆ. ದಿಢೀರಂತ ಇಷ್ಟಾಗಿದ್ರೆ ಇವರು ಹೀಗೆ ಕೂತು ನಗ್ತಿರಲಿಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಆಗಿದೆ, ಹಾಗಾಗಿ ಮೂತ್ರಪಿಂಡ ಹೊಂದಿಕೊಂಡಿದೆ. ಹುಳಿನ ಮೂತ್ರದಲ್ಲಿ ಹೊರಗೆ ಹಾಕತ್ತೆ, ಸೋಡಾದಂಥ ಕ್ಷಾರನ ಚೆಲ್ಲದೆ ರಕ್ತದಲ್ಲೇ ಉಳಿಸ್ಕೊಳ್ಳತ್ತೆ. ನೀವು ಸುಣ್ಣ ಹಾಕೋದು ಬೇಡ, ಅದೇ ಹಾಕ್ತಾ ಇದೆ. ಶ್ವಾಸಕೋಶ ಬಿಟ್ಟ ಕೆಲಸಾನೂ ಸೇರಿಸಿ ಮಾಡ್ತಿದೆ. ಆದ್ರೆ ಅದಕ್ಕೂ ಒಂದು ಮಿತಿ ಇದೆ. ಒಲೆ ಬಿಡಿಸಿದ್ರಾ?"

ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದೆ. ಆ ಬೆಳಿಗ್ಗೆಯೂ ನನಗೆ ನೀರು ಕಾದಿತ್ತು.

"ಬಿಡಿಸಿದಾನೆ ಡಾಕ್ಟ್ರೆ. ನನ್ನ ತಮ್ಮ ಒಲೆ ಹತ್ರಾನೂ ಬಿಡೋದಿಲ್ಲ," ಎಂದಳು ಅಕ್ಕ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಅರ್ಥ ಆಯ್ತಾ ಮಾರಾಯ? ಒಬ್ಬ ಕೆಲಸ ಬಿಟ್ರೆ ಇನ್ನೊಬ್ಬ ಮಾಡ್ಬೇಕು. ನಮ್ಮನೇಲಿ ನೀನೇ ಶ್ವಾಸಕೋಶ. ಬರೀ ಗಾಳಿ!" ಎಂದಳು. ಕಂಡಕ್ಟರೂ ನಕ್ಕ. ಮೂಡಿಗೆರೆಯವರೆಗೆ ನಾನೂ ನಗುತ್ತಿದ್ದೆ. ಆಮೇಲೆ ನಗು ಬರಲಿಲ್ಲ. ಅವಳು ಒಂದೊಂದು ಮಾತಿಗೂ ಒಂದೊಂದು ಸಲ ನಿಂತು ಉಸಿರೆಳೆಯುತ್ತಿದ್ದುದು ನನಗೆ ಆವತ್ತೇ ಮೊದಲ ಸಲ ಕೇಳಿಸಿತು.

ಮರುದಿನ ಊದುಗೊಳವೆಯನ್ನು ಮುರಿದು ಹಾಕಿ ತಣ್ಣೀರು ಹೊಯ್ದುಕೊಂಡೆ. ನನ್ನ ಕೂಗಿಗೆ ಆಳುಗಳ ಲೈನ್ ಮನೆಯವರೆಲ್ಲ ಓಡಿಬಂದರು. ಭರಣಿಗಳನ್ನು ಹೊತ್ತು ತಂದೆ. ಗ್ಯಾಸ್ ಸ್ಟೋವಿನ ಮೇಲೆ, ಜನ್ಮದಲ್ಲಿ ಮೊದಲ ಸಲ, ವಾಟೆಹುಳಿ ಹಾಕಿ ಸಾರು ಮಾಡಿದೆ. ಅಕ್ಕ ಲೋಟ ಎತ್ತಿ ಒಂದು ಗುಟುಕು ಕುಡಿದಳು. ನಾಲಿಗೆ ಚಪ್ಪರಿಸಿದಳು.

"ತಮ್ಮಾ..." ಎಂದು ರಾಗ ಎಳೆದಳು. ನಾನು ಬಚ್ಚಲಿನಿಂದ ಎಳೆಯುತ್ತಿದ್ದ ಅದೇ ರಾಗ. ನಡುವೆ ನಿಂತು ಉಸಿರು ತೆಗೆದುಕೊಂಡಳು.

"ಹುಳಿ ಸಾಲ್ದು."