ಮಾವನ ಕಾಲಿನಲ್ಲಿ ಕಳೆದುಹೋದ ರಕ್ತ

ಸೂಜಿ ಚುಚ್ಚದೆ, ಒಂದು ಹನಿಯನ್ನೂ ಕೆಡವದೆ, ಯಾರ ಮೈಯಲ್ಲಿ ರಕ್ತ ಹೇಗೆ ಹರಿಯುತ್ತಿದೆಯೆಂದು ಹೇಳಬಲ್ಲ ಮಹಾಪುರುಷ ಈ ಮನೆಯಲ್ಲಿ ಇದ್ದಾನೆ ಎಂದು ಆ ಭಾನುವಾರ ಘೋಷಿಸಿಬಿಟ್ಟೆ! ವೈದ್ಯಕೀಯ ಉಪಕರಣ ಮಾರುವ ಕೆಲಸಕ್ಕೆ ಸೇರಿ ಹದಿನೆಂಟು ದಿನವಾಗಿತ್ತು. ಮರುದಿನ ಕ್ಲಿನಿಕ್ಕೊಂದರಲ್ಲಿ ಡಾಪ್ಲರ್ ತೋರಿಸಬೇಕಿತ್ತು. ಅಂಗೈಯಗಲದ ಪೆಟ್ಟಿಗೆ, ಅದಕ್ಕೊಂದು ಪೆನ್ನಿನಂಥ ಕಡ್ಡಿ. ಚರ್ಮಕ್ಕೆ ಜೆಲ್ ಸವರಿ ಕಡ್ಡಿ ಇಟ್ಟರೆ ಒಳಗೆ ರಕ್ತ ಹರಿಯುವ ಸದ್ದು ಪೆಟ್ಟಿಗೆಯಿಂದ ಕೇಳಿಸುತ್ತದೆ.

"ಮೊದಲು ನಿಮ್ಮ ಮೇಲೇ ನೋಡ್ಕೊಳ್ಳಿ," ಎಂದಳು ಹೆಂಡತಿ.

"ಪರೀಕ್ಷೆ ಮಾಡೋನು ತಾನೇ ಪರೀಕ್ಷೆಗೆ ಕೂರ್ತಾನೇನೆ?"

ಸೋಫಾದಲ್ಲಿ ಪೇಪರ್ ಓದುತ್ತಿದ್ದ ಮಾವನ ಕಾಲು ಸಿಕ್ಕಿತು. ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಶಾಲೆಯ ಮೈದಾನ ಅಳೆದ ಕಾಲು! ಪಾದದ ಮೇಲೆ ಕಡ್ಡಿ ಇಟ್ಟೆ. ಸದ್ದಿಲ್ಲ. ಅತ್ತಿತ್ತ ಸರಿಸಿದೆ. ಸದ್ದಿಲ್ಲ. ಅರ್ಧ ಬಾಟಲಿ ಜೆಲ್ ಸುರಿದೆ. ಅಷ್ಟು ಹೊತ್ತೂ ಸಲೀಸಾಗಿದ್ದ ನನ್ನ ಮಾತಿನ ಹರಿವೂ ನಿಂತುಹೋಯಿತು!

"ಏನಾಯ್ತು ಅಳಿಯಂದಿರೇ?"

"ಏನಿಲ್ಲ ಮಾವ... ರಕ್ತ ಸ್ವಲ್ಪ... ಸಿಗ್ತಿಲ್ಲ."

"ಸಿಗ್ತಿಲ್ಲ ಅಂದ್ರೆ? ಎಲ್ಲಿಗೆ ಹೋಯ್ತು?"

ಇನ್ನೊಂದು ಕಾಲಿನಲ್ಲೂ ಇರಲಿಲ್ಲ! ಮಾವನ ಮುಖ ಬಿಳಿಚಿತು. "ಬೆಳಿಗ್ಗೆಯಿಂದ ಯಾಕೋ ಜೋಮು ಹಿಡಿದ ಹಾಗಿತ್ತು ಕಣಮ್ಮ," ಎಂದು ಮಗಳ ಕೈ ಹಿಡಿದರು. ಹೆಂಡತಿ ಕಿಟಕಿಯಿಂದ ಮಹಡಿ ಮನೆಯ ನರ್ಸಮ್ಮನನ್ನು ಕೂಗಿ, ಅಳುತ್ತ ಒಂದು ಕಾಲು ತಿಕ್ಕತೊಡಗಿದಳು. ನಾನು ಇನ್ನೊಂದು. ಜೆಲ್ಲಿನ ಕಾಲು ಕೈಯಿಂದ ಪಚಕ್ಕನೆ ಜಾರಿ ನನ್ನ ಮೂಗಿಗೇ ಬಡಿಯಿತು! ಇಷ್ಟು ಚೆನ್ನಾಗಿ ಒದೆಯುವ ಕಾಲಿನಲ್ಲಿ ರಕ್ತವಿಲ್ಲದಿರುತ್ತದೆಯೇ ಎಂದು ಯೋಚಿಸುವಷ್ಟು ಬುದ್ಧಿಯೂ ಆಗ ಉಳಿದಿರಲಿಲ್ಲ.

ನರ್ಸಮ್ಮ ಓಡಿಬಂದು ಪಾದ ಮುಟ್ಟಿದರು. "ಬೆಚ್ಚಗೇ ಇದೆಯಲ್ಲ!" ಆಮೇಲೆ ಪೆಟ್ಟಿಗೆಯಿಂದ ನನ್ನ ಜೇಬಿನೊಳಕ್ಕೆ ಹೋಗಿದ್ದ ವೈರನ್ನು ಎಳೆದರು. "ಇದೇನು?"

"ಇಯರ್‌ಫೋನು. ಆಫೀಸಲ್ಲಿ ಯಾರಿಗೂ ತೊಂದರೆ ಆಗದಿರಲಿ ಅಂತ ಸಿಕ್ಕಿಸಿದ್ದೆ..."

"ಸದ್ದೆಲ್ಲ ನಿಮ್ಮ ಜೇಬಿಗೆ ಹೋಗ್ತಿದೆ ಸ್ವಾಮಿ!"

ವೈರು ಕಿತ್ತು ಕಡ್ಡಿ ಇಟ್ಟರು. ಝುಂಯ್! ಝುಂಯ್! ಮಾವನ ರಕ್ತ ರೈಲಿನಂತೆ ಹೊರಟಿತು! ಹೆಂಡತಿ ಅಳುವಿನ ಮಧ್ಯೆಯೇ ನಕ್ಕಳು. ಮಾವ ಕಡ್ಡಿ ಕಸಿದುಕೊಂಡು, ನರ್ಸಮ್ಮನಿಂದ ಪಾಠ ಹೇಳಿಸಿಕೊಂಡು, ಸಂಜೆಯವರೆಗೂ ಮನೆಯವರ ಕೈಕಾಲು ಬಿಡಲಿಲ್ಲ.

ಮರುದಿನ ತೋರಿಸಲು ಒಂದು ಕಾಲು ಬೇಕಲ್ಲ ಎಂದು ಅವರನ್ನೇ ಕ್ಲಿನಿಕ್ಕಿಗೆ ಕರೆದೊಯ್ದೆ. ನಾನು ಬಾಯಿ ತೆರೆಯುವ ಮೊದಲೇ ಮಾವ ಪ್ಯಾಂಟು ಮಡಚಿ, ಜೆಲ್ ಸವರಿ, ಡ್ರಿಲ್ಲಿನ ಗತ್ತಿನಲ್ಲಿ ಎಲ್ಲವನ್ನೂ ವಿವರಿಸಿಬಿಟ್ಟರು. ಡಾಕ್ಟರು ಎರಡು ಡಾಪ್ಲರ್ ಬೇಕೆಂದು ಬರೆದುಕೊಟ್ಟು ಮಾವನ ಕೈ ಕುಲುಕಿದರು. "ಬಹಳ ಚೆನ್ನಾಗಿ ಹೇಳಿದ್ರಿ ಸರ್. ಅಂದ ಹಾಗೆ, ಇವರು ಯಾರು?"

"ನಮ್ಮ ಅಳಿಯ," ಎಂದರು ಮಾವ, ನನ್ನ ಬೆನ್ನು ತಟ್ಟುತ್ತ. "ಬ್ಯಾಗ್ ಹಿಡ್ಕೊಳ್ಳೋಕೆ ಕರ್ಕೊಂಡು ಬಂದೆ. ಈಗಷ್ಟೇ ಕೆಲಸ ಕಲೀತಿದಾನೆ!"