ರಸಮಟ್ಟದ ಗುಳ್ಳೆಯವರಿಗೆ, ಗಾಳಿಯಲ್ಲಿ ನಿಂತ ಕಾರಿನ ಪರವಾಗಿ

ಇವರ ಸನ್ನಿಧಾನಕ್ಕೆ:
ಘನತೆವೆತ್ತ ಗುಳ್ಳೆಯವರು,
ಹಳದಿ ನೀರಿನ ಗಾಜಿನ ಕೊಠಡಿ, ಎರಡು ಕಪ್ಪು ಗೆರೆಗಳ ಆಚೆಗೋ ಈಚೆಗೋ,
ನಮ್ಮ ಮಾವನವರ ರಸಮಟ್ಟ.

ವಿಷಯ: ಮನೆಯ ಶೆಡ್ಡಿನಲ್ಲಿ ಕಾರನ್ನು ಸಮಮಟ್ಟವಾಗಿ ಎತ್ತಿ ನಿಲ್ಲಿಸುವ ಕಾರ್ಯದಲ್ಲಿ, ತಾವು ಮಧ್ಯದಲ್ಲಿ ಇಲ್ಲದೆಯೂ ಸುಮ್ಮನಿದ್ದ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮ್ಮ ಯೋಗಕ್ಷೇಮ ವಿಚಾರಿಸುವುದು ನನ್ನ ಧರ್ಮ. ಆದರೆ ಸುತ್ತ ಗಾಜು, ಒಳಗೆ ತಂಪು, ಧೂಳಿಲ್ಲ, ಬೆವರಿಲ್ಲ, ಅಲ್ಲಿಂದ ಇಲ್ಲಿಗೆ ತೇಲುವುದೊಂದು ಬಿಟ್ಟರೆ ಬೇರೆ ಕೆಲಸವಿಲ್ಲ. ಇಂಥ ಕಡೆ ಕೂತವರು ಕ್ಷೇಮವಾಗಿಲ್ಲದಿದ್ದರೆ ಇನ್ಯಾರು ಕ್ಷೇಮವಾಗಿರಬೇಕು? ಆದ್ದರಿಂದ ತಾವು ಕ್ಷೇಮವೆಂದೇ ಭಾವಿಸಿ ನನ್ನ ಕ್ಷೇಮದ ವಿಚಾರಕ್ಕೆ ನೇರವಾಗಿ ಬರುತ್ತೇನೆ. ಎರಡು ಗೆರೆಗಳ ನಡುವೆ ತಾವು ಬಂದು ನಿಂತರೆ ಕೆಳಗಿನ ಜಾಗ ಸಮಮಟ್ಟವಾಗಿದೆ, ಪಕ್ಕಕ್ಕೆ ಸರಿದರೆ ಎಲ್ಲೋ ಏರುಪೇರಾಗಿದೆ ಎಂದು ಅರ್ಥವಂತೆ. ಗೋಡೆ ಕಟ್ಟುವವರು, ಬಾಗಿಲು ಕೂರಿಸುವವರು ಎಲ್ಲರೂ ತಮ್ಮ ಮುಖ ನೋಡಿಕೊಂಡೇ ಕೆಲಸ ಮುಂದುವರಿಸುತ್ತಾರಂತೆ. ಬಟಾಣಿ ಕಾಳಿನಷ್ಟು ಗಾತ್ರದ, ಒಳಗೆ ಬರೀ ಗಾಳಿ ತುಂಬಿಕೊಂಡಿರುವ ಒಬ್ಬರು ಇಷ್ಟು ಎತ್ತರದ ಹುದ್ದೆಗೇರಿದ್ದು ಕಂಡು ನನಗೆ ನಿಜಕ್ಕೂ ಸಂತೋಷವಾಗಿದೆ. ಬೇರೆ ಇಲಾಖೆಗಳಲ್ಲೂ ಇದೇ ಪದ್ಧತಿ ಇದೆಯೆಂದು ಕೇಳಿದ್ದೇನೆ.

ನಾನು ವೃತ್ತಿಯಲ್ಲಿ ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಅದಕ್ಕೆ ಅಂಟಿಕೊಂಡ ಶೆಡ್ಡಿನಲ್ಲಿ ನಮ್ಮ ಹಳೇ ಕಾರು. ನನ್ನ ಹೆಂಡತಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ಅವಳ ತಂದೆ, ಅಂದರೆ ತಮ್ಮ ಯಜಮಾನರಾದ ನಮ್ಮ ಮಾವ, ಗಾರೆ ಕೆಲಸದ ಮೇಸ್ತ್ರಿ. ಈಗ ಕರಣೆ ಕೆಳಗಿಟ್ಟು ನಮ್ಮ ಜೊತೆಗಿದ್ದಾರೆ. ಈ ಸುತ್ತಿನಲ್ಲಿ ಯಾರ ಬಚ್ಚಲಿಗೆ ಕಾಲಿಟ್ಟರೂ ಅದು ಮಾವ ಹಾಕಿದ ನೆಲವೇ ಆಗಿರುವ ಸಂಭವ ಹೆಚ್ಚು. ನಮ್ಮ ಶೆಡ್ಡಿನ ನೆಲವೂ ಅವರದೇ. ನಮ್ಮ ಮದುವೆಯಾದ ವರ್ಷ ಮಗಳಿಗೆಂದು ಅವರೇ ಕೂತು ತಿಕ್ಕಿ ನಯಮಾಡಿದ್ದು, ಅದರ ಮೇಲೆ ಯಾರಾದರೂ ಭಾರದ ಪೆಟ್ಟಿಗೆ ಎಳೆದರೆ ಅವರ ಹಲ್ಲು ಕಟಕಟ ಎನ್ನುತ್ತದೆ.

ಕಳೆದ ತಿಂಗಳು ನಮ್ಮ ಕಾರು ಮೂರನೇ ಗೇರಿಗೆ ಹೋಗುವಾಗಲೆಲ್ಲ ಕೆಮ್ಮಲು ಶುರುಮಾಡಿತು. ಗೇರ್ ಬಾಕ್ಸಿನ ಎಣ್ಣೆ ಬದಲಿಸಬೇಕು ಎಂದರು ಬಲ್ಲವರು. ಗ್ಯಾರೇಜಿಗೆ ಬಿಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ಸಿಕ್ಕಿಹಾಕಿಕೊಂಡ ಜಿಪ್ಪಿನಿಂದ ಎಷ್ಟೋ ಜನರ ಮಾನ ಕಾಪಾಡಿದ ನನಗೆ ಎರಡು ಬೋಲ್ಟು ಬಿಚ್ಚುವುದು ಯಾವ ಮಹಾ ಎಂಬ ಜಂಬ ಬಂದುಬಿಟ್ಟಿತು. ಕಾರಿನ ಜೊತೆ ಬಂದ ಪುಸ್ತಿಕೆ ತೆಗೆದು ಓದಿದೆ. ಪಕ್ಕದಲ್ಲಿರುವ ತೂತಿನಿಂದ ಎಣ್ಣೆ ತುಂಬಬೇಕು, ಅದು ತೂತಿನ ಅಂಚಿಗೆ ಬಂದು ತೊಟ್ಟಿಕ್ಕಿದಾಗ ನಿಲ್ಲಿಸಬೇಕು, ಆದರೆ ಕಾರು ಹಿಂದೆ ಮುಂದೆ ಅಕ್ಕ ಪಕ್ಕ ಸಮಮಟ್ಟದಲ್ಲಿರಬೇಕು ಎಂದಿತ್ತು. ವಾಲಿದ್ದರೆ ಎಣ್ಣೆ ಬೇಗನೆ ಆಚೆ ಬಂದು, ಹೊಟ್ಟೆ ತುಂಬಿತೆಂದು ನಾವು ಮೋಸಹೋಗುತ್ತೇವೆ, ಗೇರ್ ಬಾಕ್ಸು ಅರೆಹೊಟ್ಟೆಯಲ್ಲೇ ಉಳಿಯುತ್ತದೆ.

ಎತ್ತುವ ವಿಷಯ ಕಿವಿಗೆ ಬಿದ್ದದ್ದೇ ನನ್ನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಜಾಕ್ ಇರೋದು ಎತ್ತೋಕೆ, ಹೊತ್ಕೊಂಡು ನಿಲ್ಲೋಕಲ್ಲ. ಅದನ್ನ ನಂಬಿ ಕಾರಡಿಗೆ ಹೋದೋರು ನಮ್ಮ ವಾರ್ಡಲ್ಲಿ ಕಾಲು ಮೇಲಕ್ಕೆ ಕಟ್ಟಿಸ್ಕೊಂಡು ಸಾಲಾಗಿ ಮಲಗಿದ್ದಾರೆ, ಬಂದು ನೋಡ್ರೀ," ಎಂದಳು. ಅದಾದ ಮೇಲೆ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳು ಬಂದವು. ಹಲ್ಲು ಹಲ್ಲಾಗಿ ಎತ್ತರ ಏರಿಸಿ ಇಳಿಸುವಂಥವು, ಪುಸ್ತಿಕೆ ತೋರಿಸಿದ ಗಟ್ಟಿ ಜಾಗಕ್ಕೇ ಅವನ್ನು ಕೊಡಬೇಕು. ಕಾರು ಸ್ಟ್ಯಾಂಡಿನ ಮೇಲೆ ಕೂತಮೇಲೆ ಎರಡು ಕೈಯಲ್ಲಿ ತಳ್ಳಿ ಅಲುಗಿಸಿ ನೋಡಬೇಕು, ಬಿಚ್ಚಿದ ಚಕ್ರಗಳನ್ನು ಹೊರಗಿಡದೆ ಕಾರಿನಡಿಗೇ ಮಲಗಿಸಬೇಕು, ದೇವರು ಕೈಬಿಟ್ಟರೂ ಚಕ್ರವಾದರೂ ಹಿಡಿಯಲಿ ಎಂದು. ಇಷ್ಟಾದರೂ ಅವಳಿಗೆ ಸಮಾಧಾನವಿಲ್ಲ. "ಅಪ್ಪ ರಸಮಟ್ಟ ಇಟ್ಟು ಮಟ್ಟ ಇದೆ ಅಂತ ಹೇಳಬೇಕು, ಅಲ್ಲೀವರೆಗೂ ಯಾರೂ ಕೆಳಗೆ ನುಗ್ಗಂಗಿಲ್ಲ," ಎಂದು ಆಜ್ಞೆಯಾಯಿತು. ಹೀಗೆ ತಾವು ಹಳೇ ಪಂಚೆಯ ಸುತ್ತಿನಿಂದ ಎದ್ದು ಬಂದಿರಿ.

ತಮ್ಮ ಆಗಮನದ ಆ ಭಾನುವಾರವನ್ನು ನಾನು ಮರೆಯಲಾರೆ. ಮಾವ ಕಾರಿನ ಬಾಗಿಲು ತೆರೆದು, ಹೊಸ್ತಿಲು ಎಂದು ಕರೆದು, ಅದರ ಮೇಲೆ ತಮ್ಮನ್ನು ಮಲಗಿಸಿದರು. ತಾವು ಹಿಂದಕ್ಕೆ ಓಡಿದಿರಿ. ನಾವು ಮುಂದಿನ ಸ್ಟ್ಯಾಂಡುಗಳನ್ನು ಒಂದು ಹಲ್ಲು ಏರಿಸಿದೆವು. ತಾವು ಮುಂದಕ್ಕೆ ಓಡಿದಿರಿ, ಹಿಂದಿನವನ್ನು ಏರಿಸಿದೆವು. ಇಳಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು, ಆದರೆ ಕಟ್ಟಿದ್ದನ್ನು ಕೆಡವುವ ಅಭ್ಯಾಸ ಮಾವನಿಗಿಲ್ಲ. ಹೀಗೆ ತಮ್ಮ ಮರ್ಜಿ ಹಿಡಿಯುತ್ತ ಹಿಡಿಯುತ್ತ ಕಾರು ಎಷ್ಟು ಮೇಲೇರಿತೆಂದರೆ, ಹಿಂದಿನ ಸೀಟಿನಲ್ಲಿ ಮರೆತ ಛತ್ರಿ ತರಲು ನಾನು ಸ್ಟೂಲು ಹಾಕಿಕೊಳ್ಳಬೇಕಾಯಿತು. ಪಕ್ಕದ ಮನೆಯ ಹೆಡ್‌ಮಾಸ್ಟರು ಕಾಂಪೌಂಡಿನ ಮೇಲಿಂದ ಇಣುಕಿ, "ಕೆಳಗಿನ ಪೋರ್ಷನ್ನು ಬಾಡಿಗೆಗೆ ಕೊಡ್ತೀರಾ?" ಎಂದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಮೇಷ್ಟ್ರಲ್ಲವೇ ಎಂದು ನಕ್ಕೆ.

ಕೊನೆಗೊಮ್ಮೆ ಮಾವ ತಮ್ಮ ಕಡೆ ಬಗ್ಗಿ ನೋಡಿ, ತೃಪ್ತಿಯಿಂದ ಮೂಗು ಒರೆಸಿಕೊಂಡು, "ಮಟ್ಟ ಆಯ್ತು ಅಳಿಯಂದ್ರೇ, ಕಣ್ಣು ಮುಚ್ಕೊಂಡು ಹೋಗಿ," ಎಂದರು. ಅವರ ಮಾತನ್ನು ನಾನು ಅಕ್ಷರಶಃ ಪಾಲಿಸಬೇಕಿತ್ತು. ಕಣ್ಣು ತೆರೆದುಕೊಂಡೇ ಹೋದೆ. ಹಳೇ ಎಣ್ಣೆ ಬಸಿದ ಮೇಲೆ, ಡಬ್ಬಿಯ ಕಾಲುಭಾಗ ಹೊಸ ಎಣ್ಣೆ ಒಳಗೆ ಹೋಗಿತ್ತೋ ಇಲ್ಲವೋ, ಅದು ತೂತಿನಿಂದ ತಿರುಗಿ ಬಂದು ನನ್ನ ಮುಖಕ್ಕೆ ಇಳಿಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ನಮ್ಮ ಹಿರಿಯರು ಹೇಳುವಾಗ ಯಾವ ಎಣ್ಣೆ ಎಂದು ಯೋಚಿಸಿರಲಿಲ್ಲ. ಗೇರ್ ಎಣ್ಣೆ ಅಲ್ಲವೆಂಬುದು ಈಗ ಖಾತ್ರಿಯಾಗಿದೆ.

ತೆವಳಿಕೊಂಡು ಆಚೆ ಬಂದು, ಅಂಗಡಿಯ ಚಿಂದಿ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು ತಮ್ಮನ್ನು ನೋಡಿದೆ. ತಾವು ಮಧ್ಯದಲ್ಲಿರಲಿಲ್ಲ. ಗೆರೆ ದಾಟಿ ಪಕ್ಕದಲ್ಲಿ ಆರಾಮಾಗಿ ಒರಗಿದ್ದಿರಿ. ಮಾವನನ್ನು ಕೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. "ವಾಟ ಕೊಟ್ಟಿದ್ದೀನಿ. ಕೊಡ್ದೇ ಇದ್ರೆ ನೀರು ನಿಲ್ಲಲ್ವಾ?" ಎಂದರು.

ವಾಟ ಎಂದರೆ ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರು ಎಂದು ತಮಗೆ ವಿವರಿಸಬೇಕಿಲ್ಲ. ಮಾವ ಜೀವಮಾನವಿಡೀ ತಮ್ಮನ್ನು ಗೆರೆಯ ಮೇಲೆ ಒಂಚೂರು ಹತ್ತಿಸಿ ನಿಲ್ಲಿಸುವುದನ್ನೇ ಮಟ್ಟ ಎಂದು ಕರೆದವರು. ನೆಲ ನಿಜವಾಗಿ ಸಮವಾಗಿಬಿಟ್ಟರೆ ನೀರು ನಿಂತು, ಪಾಚಿ ಕಟ್ಟಿ, ಮನೆಯವರು ಜಾರಿ ಬಿದ್ದು, ಮೇಸ್ತ್ರಿಯ ಏಳು ತಲೆಮಾರಿಗೂ ಬೈಗುಳ ತಲುಪುತ್ತದೆ ಎಂಬುದು ಅವರ ಅನುಭವ. ಹೀಗಾಗಿ ಅವರು ನಮ್ಮ ಕಾರಿಗೂ, ಮೋರಿಯ ದಿಕ್ಕು ನೋಡಿ, ಬಚ್ಚಲಿಗೆ ಕೊಡುವಷ್ಟೇ ಮುತುವರ್ಜಿಯಿಂದ ವಾಟ ಕೊಟ್ಟಿದ್ದರು. ಅವರ ಮೇಲೆ ನನ್ನ ದೂರಿಲ್ಲ. ದೂರು ತಮ್ಮ ಮೇಲೆ. ತಾವು ಮಧ್ಯದಲ್ಲಿಲ್ಲವೆಂದು ತಮಗೆ ಗೊತ್ತಿತ್ತು. ಕಾರಿನ ಕೆಳಗೆ ಒಬ್ಬ ದರ್ಜಿ ಬಾಯಿ ತೆರೆದುಕೊಂಡು ಮಲಗಿದ್ದಾನೆಂದೂ ಗೊತ್ತಿತ್ತು. ಒಂದು ಕೆಮ್ಮು ಕೆಮ್ಮಬಾರದಿತ್ತೇ? ಮೇಲಧಿಕಾರಿ ಮಟ್ಟ ಎಂದ ಮೇಲೆ ಮಟ್ಟವೇ ಎಂದು ತೆಪ್ಪಗಿರುವ ತಮ್ಮ ಸೇವಾನಿಷ್ಠೆಗೆ ಸನ್ಮಾನ ಮಾಡಬೇಕು. ಹಾರ ಹಾಕಲು ಕುತ್ತಿಗೆ ಎಲ್ಲಿದೆಯೆಂದು ತಿಳಿಸಿದರೆ ಅಳತೆ ತೆಗೆದುಕೊಳ್ಳುತ್ತೇನೆ.

ಮುಂದಿನ ದಿನಗಳ ಸಂಕಟ ತಮ್ಮ ಕಣ್ಣೆದುರೇ ನಡೆದದ್ದು. ವಾಟ ಬೇಡ, ನಟ್ಟನಡುವೆ ಬೇಕು ಎಂದು ನಾನು ಕೈಮುಗಿದೆ. ಮಾವ ಒಪ್ಪಿದರು ಕೂಡ. ಆದರೆ ತಾವು ಮಧ್ಯದ ಹತ್ತಿರ ಬಂದ ಕೂಡಲೇ ಅವರ ಕೈ ತಂತಾನೇ ಒಂದು ಹಲ್ಲು ಬಿಟ್ಟುಬಿಡುತ್ತಿತ್ತು. "ನಾನಲ್ಲ ಅಳಿಯಂದ್ರೇ, ಕೈ," ಎನ್ನುತ್ತಿದ್ದರು. ಆಗ ನಾನು ತಮಗೆ ಕೆಲವು ಮನವಿಗಳನ್ನು ಬಾಯಿಮಾತಿನಲ್ಲೇ ಸಲ್ಲಿಸಿದ್ದು ನೆನಪಿರಬಹುದು: ತಾವು ತೆಂಗಿನಕಾಯಿ ಗಾತ್ರಕ್ಕೆ ಬೆಳೆಯಬೇಕೆಂದು, ತಪ್ಪಿದಲ್ಲಿ ಕೆಂಪಗಾಗಬೇಕೆಂದು, ಅದೂ ಆಗದಿದ್ದರೆ ರಜೆ ಹಾಕಿ ತಮ್ಮ ಜಾಗಕ್ಕೆ ಬಾಯಿ ಇರುವ ಇನ್ನೊಬ್ಬ ಗುಳ್ಳೆಯವರನ್ನು ಕಳುಹಿಸಬೇಕೆಂದು. ಯಾವುದಕ್ಕೂ ಉತ್ತರ ಬರಲಿಲ್ಲ. ಕಡತ ಮೇಲೆ ಹೋಗಿರಬೇಕು.

ಇಲ್ಲಿಯವರೆಗೆ ನಗುವ ಮಾತು. ಮುಂದಿನದನ್ನು ಬರೆಯುವಾಗ ನನಗೆ ಅಷ್ಟು ನಗು ಬರುತ್ತಿಲ್ಲ.

ಒಂದು ಸಂಜೆ ನಾನು ಇನ್ನೊಮ್ಮೆ ಕೆಳಗೆ ನುಗ್ಗಲು ಚಾಪೆ ಹಾಸುತ್ತಿದ್ದಾಗ ಡ್ಯೂಟಿ ಮುಗಿಸಿ ಬಂದ ನನ್ನ ಹೆಂಡತಿ, ಚೀಲ ಕೂಡ ಇಳಿಸದೆ, ಕಾರನ್ನು ಎರಡು ಕೈಯಲ್ಲಿ ತಳ್ಳಿದಳು. ಬಲಗಡೆಯ ಹಿಂದಿನ ಸ್ಟ್ಯಾಂಡು ಒಂದು ಕಾಲನ್ನು ನೆಲದಿಂದ ಎತ್ತಿ, ಸ್ವಲ್ಪ ಯೋಚಿಸಿ, ಮತ್ತೆ ಊರಿತು. ಕಾರು ಮಾತ್ರವಲ್ಲ, ಸ್ಟ್ಯಾಂಡುಗಳು ನಿಂತ ನೆಲಕ್ಕೂ ವಾಟವಿತ್ತು. ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಅಂದು ಎಣ್ಣೆ ಬಿದ್ದ ಮುಖದ ಮೇಲೆ ಇನ್ನೇನೇನು ಬೀಳಬಹುದಿತ್ತೆಂದು ನೆನೆದು ನಾನು ಚಾಪೆ ಸುತ್ತಿಟ್ಟೆ. ಅವಳು ನನ್ನನ್ನು ಬೈಯಲಿಲ್ಲ. ತಂದೆಯ ಕಡೆ ತಿರುಗಿ, "ಅಪ್ಪಾ, ಇದನ್ನ ನೆಲ ಅಂದ್ಕೋಬೇಡ. ಲಿಂಟಲ್ ಅಂದ್ಕೋ. ಇದರ ಕೆಳಗೆ ನನ್ನ ಗಂಡ ಮಲಗ್ತಾರೆ," ಎಂದಳು.

ಲಿಂಟಲ್ ಎಂದರೆ ಬಾಗಿಲ ಮೇಲೆ ಗೋಡೆಯ ಭಾರ ಹೊರುವ ಅಡ್ಡಪಟ್ಟಿ. ಅದಕ್ಕೆ ಯಾವ ಮೇಸ್ತ್ರಿಯೂ ವಾಟ ಕೊಡುವುದಿಲ್ಲ. ಮಾವ ಚಕ್ರಗಳನ್ನು ಮತ್ತೆ ಹಾಕಿಸಿ, ಕಾರನ್ನು ಹುಷಾರಾಗಿ ಕೆಳಗಿಳಿಸಿ ಅಂಗಳಕ್ಕೆ ತಳ್ಳಿಸಿದರು. ಮಾರನೇ ದಿನ ಬೆಳಿಗ್ಗೆ ಉಳಿ ಸುತ್ತಿಗೆ ತಂದು, ಅಂದು ಅವರೇ ತಿಕ್ಕಿ ನಯಮಾಡಿದ ಆ ನೆಲವನ್ನು ನಾಲ್ಕು ಕಡೆ ಒಡೆದರು. ನಾನು ತಡೆಯಲು ಹೋದೆ, "ಸುಮ್ನಿರಿ," ಎಂದರು. ಆ ನಾಲ್ಕು ಕಡೆ ಕಬ್ಬಿಣದ ಸ್ಟ್ಯಾಂಡುಗಳು ಕೂರಲೆಂದು ಅಗಲವಾದ ಕಾಂಕ್ರೀಟು ಹಾಕಿ, ತಮ್ಮನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ತಮ್ಮನ್ನು ನಟ್ಟನಡುವೆ ನಿಲ್ಲಿಸಿದರು. ಈ ಸಲ ಅವರ ಕೈ ಏನೂ ಬಿಡಲಿಲ್ಲ. ಆಮೇಲೆ ಗೋಣಿ ಹೊದಿಸಿ, ಅದು ಗಟ್ಟಿಯಾಗುವವರೆಗೆ ದಿನಾ ಅವರೇ ನೀರು ಹೊಯ್ದರು. ಅಲ್ಲಿ ನೀರು ನಿಂತಿತು. ನಿಂತ ನೀರನ್ನು ನೋಡಿ ಅವರು ಮುಖ ಆಚೆ ತಿರುಗಿಸಿಕೊಂಡರು. ಮೂರು ಪೀಸಿನ ಸೂಟು ಹೊಲಿದವನು ಅದಕ್ಕೆ ತಾನೇ ಕತ್ತರಿ ಹಾಕಿದ ಹಾಗೆ ನನಗೆ ಕಂಡಿತು, ಮತ್ತು ಈ ಮನುಷ್ಯನ ಮೇಲೆ ನಾನು ಇಟ್ಟಿರುವ ಪ್ರೀತಿಯನ್ನು ಇಷ್ಟು ವರ್ಷ ಗೌರವ ಎಂದು ಕರೆಯುತ್ತ ಬಂದಿದ್ದೇನೆ ಎಂದೂ ಹೊಳೆಯಿತು.

ಇಂದು ಬೆಳಿಗ್ಗೆ ಕಾರು ಮತ್ತೆ ಎದ್ದಿತು, ಈ ಸಲ ಛತ್ರಿಗೆ ಕೈ ಎಟುಕುವಷ್ಟೇ ಎತ್ತರಕ್ಕೆ. ನನ್ನ ಹೆಂಡತಿ ತಳ್ಳಿ ನೋಡಿದಳು, ಹೆಡ್‌ಮಾಸ್ಟರನ್ನೂ ಕರೆದು ತಳ್ಳಿಸಿದಳು. ಒಂದು ಸ್ಟ್ಯಾಂಡೂ ಮಿಸುಕಲಿಲ್ಲ. ತಾವು ಎರಡು ಗೆರೆಗಳ ನಡುವೆ ಬಂದು ನಿಂತಿರಿ. ನಾನು ಎಣ್ಣೆ ಡಬ್ಬಿ ಎತ್ತಿಕೊಂಡೆ. ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಲಿಂಟಲು ಗಟ್ಟಿಯಾಗುವವರೆಗೆ ಆಸರೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಅದರಡಿಯಲ್ಲಿ ಮೊದಲು ನಿಲ್ಲುವುದು ಅದನ್ನು ಹಾಕಿದ ಮೇಸ್ತ್ರಿಯೇ, ಮನೆಯವರಲ್ಲ. ಅದು ಅವರು ಕೆಲಸ ಕಲಿತಲ್ಲಿನ ಪದ್ಧತಿಯಂತೆ. ಹಾಗೆಂದು ಹೇಳಿ, ಮಗಳು ಬೇಡ ಎನ್ನುವಷ್ಟರಲ್ಲಿ, ನನ್ನ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ಕಾರಿನಡಿಗೆ ಸರಿದರು. ನಾವು ಉಸಿರು ಬಿಗಿಹಿಡಿದು ನಿಂತೆವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗೊರಕೆ ಕೇಳಿಸಿತು.

ಅಲ್ಲಿ ತಂಪಾಗಿದೆ, ನಿಜ. ದಿನಗಟ್ಟಲೆ ದಣಿದಿದ್ದಾರೆ, ಅದೂ ನಿಜ. ಆದರೆ ಕೆಳಗೆ ಮನುಷ್ಯ ಇರುವಾಗ ಕಾರಿಗಾಗಲಿ, ಜಾಕಿಗಾಗಲಿ, ಒಂದು ಬೋಲ್ಟಿಗಾಗಲಿ ಯಾರೂ ಬೆರಳು ತಾಗಿಸುವಂತಿಲ್ಲವೆಂದು ನನ್ನ ಹೆಂಡತಿ ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಎಬ್ಬಿಸೋಣವೆಂದರೆ, ನಿದ್ದೆಗಣ್ಣಲ್ಲಿ ಥಟ್ಟನೆ ಎದ್ದು ಕೂತರೆ ಹಣೆಗೆ ಸೈಲೆನ್ಸರ್ ಬಡಿಯುತ್ತದೆ. ಹೀಗಾಗಿ ಕಾರು ಸಮಮಟ್ಟದಲ್ಲಿದೆ, ಎಣ್ಣೆ ಡಬ್ಬಿಯಲ್ಲಿದೆ, ನಾನು ನನ್ನ ಮೇಜಿನ ಮುಂದೆ ಕೂತು ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಕಿಟಕಿಯಿಂದ ನೋಡಿದರೆ ಕಾರಿನಡಿಯಿಂದ ಆಚೆ ಬಂದ ಅವರ ಎರಡು ಪಾದಗಳು ಕಾಣುತ್ತವೆ, ಬಿರುಕಿನಲ್ಲಿ ಇನ್ನೂ ಸಿಮೆಂಟು ಇದೆ.

ಆದ್ದರಿಂದ ಮಾನ್ಯರೇ, ಮೇಲಿನ ನನ್ನ ಎಲ್ಲ ದೂರುಗಳನ್ನೂ ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ. ಬೆಳೆಯಬೇಡಿ, ಕೆಂಪಗಾಗಬೇಡಿ, ರಜೆ ಹಾಕಬೇಡಿ. ಈಗ ಇರುವ ಜಾಗದಿಂದ ಕೂದಲೆಳೆಯಷ್ಟೂ ಅಲುಗಬೇಡಿ. ಕೆಳಗೆ ನಮ್ಮ ಮಾವ ಮಲಗಿದ್ದಾರೆ.

ತಮ್ಮ ವಿಶ್ವಾಸಿ,
ಕಾರು ನಿಂತಿದ್ದರೂ ನೆಮ್ಮದಿಯಾಗಿ ಕೂರಲಾರದ ಒಬ್ಬ ದರ್ಜಿ

ತಾ.ಕ.: ಮಾವ ಎದ್ದರು, ಕಾಫಿ ಕುಡಿದರು, ಕಾರಿನ ತಳಕ್ಕೆ ವಾಟ ಕಡಿಮೆಯೆಂದು ಟೀಕೆ ಮಾಡಿದರು. ಅವರು ಮುಖ ತೊಳೆಯಲು ಹೋದಾಗ ತಮ್ಮನ್ನು ತಂದು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುಮ್ಮನೆ ಇಟ್ಟು ನೋಡಿದೆ. ತಾವು ಒಂದು ಕ್ಷಣವೂ ಯೋಚಿಸದೆ ಎಡದ ತುದಿಗೆ ಓಡಿದಿರಿ. ನನ್ನ ಹತ್ತಿರ ಹೊಲಿಸುವ ಈ ಬೀದಿಯ ಗಂಡಸರೆಲ್ಲ ಒಂದು ಕಡೆ ವಾಲಿಕೊಂಡು ನಡೆಯುತ್ತಾರೆ, ಪಾಪ, ಹುಟ್ಟಿದ್ದೇ ಹಾಗಿರಬೇಕು ಎಂದು ನಾನು ಇಷ್ಟು ವರ್ಷ ಮರುಗುತ್ತಿದ್ದೆ. ಕಾರಿನ ವಿಷಯದಲ್ಲಿ ತಾವು ಕಾಪಾಡಿಕೊಂಡ ಆ ಘನವಾದ ಮೌನವನ್ನು ಪ್ಯಾಂಟುಗಳ ವಿಷಯದಲ್ಲೂ ಮುಂದುವರಿಸಬೇಕಾಗಿ ಕಳಕಳಿಯ ಪ್ರಾರ್ಥನೆ.