ಗೇರಿನ ವೈರೂ ಸಿರಸಂಗಿಯ ಅಜ್ಜಿಯೂ

ಕೈಲಾಗದ ಕೆಲಸವನ್ನು ಕೈಲಾಗದು ಎಂದು ಒಪ್ಪಿಕೊಳ್ಳಲು ತುಸು ಧೈರ್ಯ ಬೇಕು. ಆ ಧೈರ್ಯ ನನಗೆ ಹುಟ್ಟಿನಿಂದಲೇ ಕಡಿಮೆ. ಮನೆಯ ನಲ್ಲಿ ಸೋರಿದರೆ ಬೇರೆಯವರನ್ನು ಕರೆಯುವುದು ನನ್ನ ಪಾಲಿಗೆ ಮರ್ಯಾದೆಗೇಡು. ನಾನೇ ನಟ್ಟು ಬಿಗಿಯುವ ಪಾನಾ ಹಿಡಿದು ಕೂಡುತ್ತೇನೆ. ಹನಿಹನಿಯಾಗಿ ಸೋರುತ್ತಿದ್ದದ್ದು ಧಾರೆಯಾದ ಮೇಲೆ ಗಿರಿಜಾ, ಅಂದರೆ ನನ್ನ ಹೆಂಡತಿ, ಕೊಡಗಳನ್ನು ತಂದು ಸಾಲಾಗಿ ಇಡುತ್ತಾಳೆ. ನಲ್ಲಿಯ ಮಟ್ಟಿಗೆ ಇದು ನಕ್ಕು ಬಿಡುವ ಸಂಗತಿ. ಸೈಕಲ್ಲಿನ ಗೇರಿನ ವಿಷಯಕ್ಕೆ ಬಂದರೆ ಮಾತ್ರ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ನಮಗೆ ಹೊಸದಾಗಿ ಮದುವೆಯಾಗಿತ್ತು. ಸವದತ್ತಿಯಲ್ಲಿ ಬಾಡಿಗೆ ಮನೆ, ನವಿಲುತೀರ್ಥದ ಆಣೆಕಟ್ಟಿನ ಕಚೇರಿಯಲ್ಲಿ ನನ್ನ ಕಾರಕೂನಿಕೆ, ಕಾಗದ ಬರೆಯುವ ಗುಮಾಸ್ತ ಕೆಲಸ. ಗಿರಿಜಾಳ ತವರು ಬೈಲಹೊಂಗಲ, ಆದರೆ ಅವಳು ಬೆಳೆದದ್ದೆಲ್ಲ ಸಿರಸಂಗಿಯಲ್ಲಿ, ತಾಯಿಯ ತಾಯಿಯ ಮಡಿಲಲ್ಲಿ. ಮದುವೆಗೆ ಮುಂಚೆ ಆ ಅಜ್ಜಿ ಜಾರಿ ಬಿದ್ದು ಕಾಲು ಮುರಿದುಕೊಂಡದ್ದರಿಂದ ಅಕ್ಷತೆಗೆ ಬರಲಾಗಲಿಲ್ಲ. ಮೊಮ್ಮಗಳ ಗಂಡನನ್ನು ಕಣ್ಣಾರೆ ನೋಡಬೇಕು ಎಂದು ಸಿಕ್ಕವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದಳು. ಆಕೆಯ ಕಣ್ಣುಗಳು ದಿನೇ ದಿನೇ ಮಂಜಾಗುತ್ತಿದ್ದವು. ಆಪರೇಶನ್ ಮಾಡಿ ಉಪಯೋಗವಿಲ್ಲ, ಇದ್ದಷ್ಟು ದಿನ ಇರುತ್ತವೆ ಎಂದು ಡಾಕ್ಟರು ಹೇಳಿದ್ದರಂತೆ.

ಅದೇ ಹೊತ್ತಿಗೆ ನಾನು ಗೇರಿನ ಸೈಕಲ್ ಕೊಂಡೆ. ಬೈಲಹೊಂಗಲದಿಂದ ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರು ಮಾರಿದ್ದು. ದಪ್ಪ ಟಾಯರು, ಗುಡ್ಡ ಹತ್ತಲೆಂದೇ ಮಾಡಿದ ಗಾಡಿ. ಮಾವನವರ ಮನೆಯಲ್ಲಿ ಊಟಕ್ಕೆ ಕೂತಾಗ, ಹೋಳಿಗೆಯ ಅಮಲೋ ಏನೋ, ಸಿರಸಂಗಿಗೆ ಹೋದರೆ ಈ ಸೈಕಲ್ಲಿನ ಮೇಲೆಯೇ ಹೋಗುವುದು, ಗಿರಿಜಾ ತನ್ನ ಹಳೆಯ ಲೇಡೀಸ್ ಸೈಕಲ್ ಹೊಡೆಯಲಿ, ಇಬ್ಬರೂ ಜೋಡಿಯಾಗಿ ಅಜ್ಜಿಯ ಅಂಗಳಕ್ಕೆ ಇಳಿಯುತ್ತೇವೆ ಎಂದು ಸಾರಿಬಿಟ್ಟೆ. ಗಿರಿಜಾಳ ಮುಖ ಅರಳಿತು. ಹೈಸ್ಕೂಲಿಗೆ ಹೋಗುವಾಗ ಅವಳು ಅದೇ ರಸ್ತೆಯಲ್ಲಿ ಸೈಕಲ್ ಹೊಡೆದವಳು. ಮಾವನವರು ಮಾತ್ರ ಸೈಕಲ್ಲನ್ನು ಒಂದು ಸುತ್ತು ನೋಡಿ, ಹೂಲಿ ಗುಡ್ಡದ ಕಡೆ ಏರು ಬಹಳ ಎಂದು ಮೆಲ್ಲಗೆ ಹೇಳಿ ಕೈ ತೊಳೆಯಲು ಎದ್ದರು. ಏರು ಇರುವುದಕ್ಕೇ ಗೇರು ಇರುವುದು ಎಂದು ನಾನು ಅವರ ಬೆನ್ನಿಗೆ ಹೇಳಿದೆ.

ಆದರೆ ಗೇರು ಬೀಳುತ್ತಿರಲಿಲ್ಲ. ವೈರು ತುಕ್ಕು ಹಿಡಿದಿತ್ತು. ವೈರೆಂದರೆ ವೈರು ಎಂದುಕೊಂಡು ಪೇಟೆಯಿಂದ ಬ್ರೇಕಿನ ವೈರು, ಅದರ ಮೇಲಿನ ಕರಿಯ ಕೊಳವೆ, ಅಂದರೆ ಔಟರ್, ಎರಡನ್ನೂ ತಂದೆ. ವೈರಿನ ತಲೆ ದೊಡ್ಡದಾಯಿತು, ಹ್ಯಾಂಡಲಿನ ಮೇಲೆ ಗೇರು ಬದಲಿಸುವ ಲಿವರಿನ ಗೂಡಿನಲ್ಲಿ ಕೂಡಲಿಲ್ಲ. ಕಾನಸಿನಿಂದ, ಅದೇ ಅರದಿಂದ, ಉಜ್ಜಿ ಉಜ್ಜಿ ಕೂಡಿಸಿದೆ. ರವಿವಾರ ಬೆಳಿಗ್ಗೆ ಗಿರಿಜಾ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಹೊರಗೆ ನಿಂತಿದ್ದಳು. ನಾನು ಓಣಿಯ ತಿರುವಿನಲ್ಲಿ ಹ್ಯಾಂಡಲ್ ಹೊರಳಿಸಿದ್ದೇ ತಡ, ಗೇರು ತನ್ನಷ್ಟಕ್ಕೆ ತಾನೇ ಬದಲಾಗಿ, ಚೈನು ಕಳಚಿ ಬಿತ್ತು. ಔಟರನ್ನು ತೀರ ಗಿಡ್ಡ ಕತ್ತರಿಸಿದ್ದೆ, ಹ್ಯಾಂಡಲ್ ಹೊರಳಿದಾಗ ಅದು ವೈರನ್ನು ಜಗ್ಗಿತ್ತು. ಬುತ್ತಿಯನ್ನು ಮನೆಯಲ್ಲೇ ಉಂಡೆವು.

ಮುಂದಿನ ರವಿವಾರಕ್ಕೆ ಉದ್ದ ಬಿಟ್ಟೆ. ಈಗ ಅದು ಹ್ಯಾಂಡಲಿನ ಮುಂದೆ ಕಮಾನಿನಂತೆ ನಿಂತಿತು. ಲಿವರ್ ಒತ್ತಿದರೆ ಮೊದಲು ಔಟರೇ ಕುಗ್ಗಿ ಬಾಗುತ್ತಿತ್ತು. ಎಳೆತ ಹಿಂದಿನ ಚಕ್ರ ಮುಟ್ಟುವಷ್ಟರಲ್ಲಿ ಅರ್ಧ ಕರಗಿ, ಚೈನು ಎರಡು ಹಲ್ಲುಚಕ್ರಗಳ ನಡುವೆ ಆ ಕಡೆಗೂ ಇಲ್ಲದೆ ಈ ಕಡೆಗೂ ಇಲ್ಲದೆ ಕರಕರ ಎನ್ನುತ್ತಿತ್ತು. ಹೀಗೆ ರವಿವಾರದ ಮೇಲೆ ರವಿವಾರ ಕಳೆದವು. ಗಿರಿಜಾ ಬುತ್ತಿ ಕಟ್ಟುವುದನ್ನು ಬಿಟ್ಟಳು. ಒಂದು ದಿನ ನನ್ನ ಮುಂದೆ ಬಂದು ಕುಳಿತು ಹೇಳಿದಳು:

“ಬಸ್ಸಿನಾಗ ಹೋಗೂಣ್ರಿ. ಅಜ್ಜಿ ನಿಮ್ಮನ್ನ ನೋಡಬೇಕಂತಾಳ, ಸೈಕಲ್ ಅಲ್ಲ.”

ಇದಕ್ಕಿಂತ ಸರಳವಾದ ಮಾತು ಇರಲಾರದು. ಆದರೆ ಮಾವನವರು ಕೇಳಿದರೆ ಏನು ಹೇಳುವುದು? ಇನ್ನೊಂದು ವಾರ ತಡೆ, ಆಗಿಯೇಬಿಡುತ್ತದೆ ಎಂದೆ. ಹಾಗೆ ಎಷ್ಟು ವಾರ ಅಂದೆನೋ, ಮಳೆಗಾಲ ಕಳೆದು ಜೋಳ ಬಿತ್ತುವ ದಿನ ಬಂತು. ಒಂದು ಮುಂಜಾನೆ ಗಿರಿಜಾ ಹಸಿರು ಸೀರೆ ಉಟ್ಟು ಒಬ್ಬಳೇ ಬಸ್ಸು ಹತ್ತಿ ಹೋದಳು. ಸಂಜೆ ಬಂದವಳು ಸಿಟ್ಟು ಮಾಡಲಿಲ್ಲ. ಅಜ್ಜಿ ಬೆಳಕಿಗೆ ಕರೆದು ನಿಲ್ಲಿಸಿಕೊಂಡು ಸೀರೆ ಹಸಿರೋ ನೀಲಿಯೋ ಎಂದು ಬಹಳ ಹೊತ್ತು ನೋಡಿ, ಹಸಿರು ಎಂದಳಂತೆ. ಗಂಡನ ಬಗ್ಗೆ ಕೇಳಿದಾಗ, ಸೈಕಲ್ ರಿಪೇರಿಯಲ್ಲಿದ್ದಾರೆ ಎಂದು ಇವಳು ಹೇಳಿದಳಂತೆ.

ಕಡೆಗೂ ಗುಟ್ಟು ತಿಳಿದದ್ದು ಮತ್ತೆರಡು ತಿಂಗಳು ಕಳೆದ ಮೇಲೆ, ಅದೂ ಸಿಟ್ಟಿನಿಂದ. ಹುಬ್ಬಳ್ಳಿಯಿಂದ ಗೇರಿನದೇ ಔಟರ್ ತರಿಸಿದ್ದೆ. ಹಳೆಯದಕ್ಕೂ ಇದಕ್ಕೂ ಏನು ಮಹಾ ಭೇದ ಎಂದು ಎರಡರ ಪ್ಲಾಸ್ಟಿಕ್ಕನ್ನೂ ಸುಲಿದು ನೋಡಿದೆ. ಬ್ರೇಕಿನದರಲ್ಲಿ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡಿತ್ತು, ಒತ್ತಿದರೆ ಕುಗ್ಗುವುದು ಅದರ ಸ್ವಭಾವ. ಗೇರಿನದರಲ್ಲಿ ಎಳೆಗಳು ಉದ್ದಕ್ಕೆ ನೆಟ್ಟಗೆ ಮಲಗಿದ್ದವು, ಕುಗ್ಗುವ ಮಾತೇ ಇಲ್ಲ. ಹ್ಯಾಂಡಲನ್ನು ಎರಡೂ ಕಡೆ ಪೂರಾ ಹೊರಳಿಸಿ ಅಳತೆ ಹಿಡಿದು ಕತ್ತರಿಸಿದೆ. ಚಪ್ಪಟೆಯಾದ ಬಾಯನ್ನು ದಬ್ಬಣದಿಂದ ಬಿಡಿಸಿ, ತುದಿಗೆ ಲೋಹದ ಪುಟ್ಟ ಟೋಪಿ ಹಾಕಿ, ವೈರು ತೂರಿಸಿ ಬಿಗಿದೆ. ಗೇರು ಟಕ್ ಟಕ್ ಎಂದು ಬಿತ್ತು. ಜೋಡಿಯಾಗಿ ಹೋಗೋಣ ನಡೆ ಎಂದು ಕರೆದೆ. ತಾನು ಹೋಗಿ ಬಂದಾಗಿದೆ, ಈಗ ನೀವು ಹೋಗಿ ಬರ್ರಿ ಎಂದು ಗಿರಿಜಾ ಜೋಳ ಹಸನು ಮಾಡುತ್ತಲೇ ಹೇಳಿದಳು.

ಒಬ್ಬನೇ ಹೋದೆ. ಏರಿನಲ್ಲಿ ಒಂದು ಸಲವೂ ಇಳಿಯಲಿಲ್ಲ. ಪಕ್ಕದಲ್ಲಿ ನೋಡುವವರು ಯಾರೂ ಇರಲಿಲ್ಲ ಅಷ್ಟೇ. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೆಸರು ಹೇಳಿ ಎದುರಿಗೆ ನಿಂತೆ. ಆಕೆ ನನ್ನ ಪಕ್ಕದ ಕಂಬದ ಕಡೆಗೆ ಮುಖ ಮಾಡಿ ನಕ್ಕಳು. ಕೈಚಾಚಿದಳು. ನಾನು ಕೂತು ಕಾಲು ಮುಟ್ಟಿ ನಮಸ್ಕರಿಸಿದಾಗ ಮೊದಲು ನನ್ನ ಹಣೆ, ಮೂಗು, ಮೀಸೆ ಸವರಿದಳು. ಆಮೇಲೆ ನನ್ನ ಎರಡೂ ಅಂಗೈಗಳನ್ನು ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ತಿಂಗಳುಗಟ್ಟಲೆ ತಂತಿಯ ಎಳೆ ಚುಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಆ ಕೈಗಳು ಬಿರಿದು ಗಂಟುಗಟ್ಟಿದ್ದವು.

“ದುಡಿಯೋ ಕೈ ಅದಾವಪ್ಪಾ,” ಎಂದಳು. “ಹೊಲಾ ಎಷ್ಟ ಐತಿ?”

ನನಗೆ ಅಂಗೈಯಷ್ಟು ಹೊಲವೂ ಇರಲಿಲ್ಲ. ಏನೋ ಗೊಣಗಿದೆ. ಆಕೆ ನನ್ನ ಕೈ ಬಿಡದೆ, ಹೋದ ತಿಂಗಳು ಬಂದಿದ್ದರೆ ಇನ್ನೂ ನೆರಳಿನಷ್ಟಾದರೂ ಕಾಣುತ್ತಿತ್ತು ಎಂದು, ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು. ಅದರಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ಕೇಳಿದಳು, “ಅಜ್ಜಿ ನಿಮ್ಮನ್ನ ನೋಡಿದ್ಲೇನ್ರಿ?”

“ಮುಟ್ಟಿ ನೋಡಿದ್ಲು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಏನಂದಳು ಎಂದು ಕೇಳಿದಳು. ದುಡಿಯುವ ಕೈ ಎಂದಳು, ಹೊಲ ಎಷ್ಟಿದೆ ಎಂದು ಕೇಳಿದಳು ಎಂದೆ. ಗಿರಿಜಾ ನನ್ನ ಕೈಗಳನ್ನು ಒಮ್ಮೆ ನೋಡಿದಳು, ಒಮ್ಮೆ ಮುಖವನ್ನು.

“ಹೋಗ್ಲಿ ಬಿಡ್ರಿ,” ಎಂದಳು. “ಅಜ್ಜಿಗೆ ಕಣ್ಣ ಕಂಡಿದ್ರ, ಇವು ದುಡಿಯೋ ಕೈ ಅಂತ ನಂಬತಿರಲಿಲ್ಲ.”